ಈರುಳ್ಳಿ ಬೇರಿನ ಕೋಶಗಳನ್ನು ಎಣಿಸುತ್ತಾ ಕಲಿತದ್ದು

ಈರುಳ್ಳಿ ಬೇರಿನ ಸ್ಲೈಡ್ ಮುಂದೆ ಕೂತವರೆಲ್ಲ ಮೊದಲು ಹುಡುಕುವುದು ಕೋಶ ವಿಭಜನೆಯ ಅನಾಫೇಸ್ ಹಂತ. ವರ್ಣತಂತುಗಳು ಎರಡು ಗುಂಪಾಗಿ ಆಚೀಚೆ ಸರಿಯುವ ಆ ನೋಟ ನಿಜಕ್ಕೂ ಚೆಂದ. ಆದರೆ ಪಿಯು ಮಕ್ಕಳ ಜೊತೆ ಈ ಪ್ರಾಕ್ಟಿಕಲ್ ಮಾಡುತ್ತಾ ಬಂದ ನನಗೆ ಜಾಸ್ತಿ ಕಲಿಸಿದ್ದು ಇಂಟರ್‌ಫೇಸ್ ಕೋಶಗಳು, ಅಂದರೆ ಸದ್ಯ ವಿಭಜನೆಯಲ್ಲಿ ಇಲ್ಲದ ಕೋಶಗಳು. ನೋಡಲು ಏನೂ ಇಲ್ಲ, ದುಂಡನೆಯ ಕೋಶಕೇಂದ್ರ ಅಷ್ಟೇ. ಅವನ್ನೂ ಬಿಡದೆ ಎಣಿಸಿದರೆ ಮಾತ್ರ ಈ ಪ್ರಯೋಗ ಪೂರ್ತಿಯಾಗುತ್ತದೆ.

ಸಣ್ಣ, ಗಟ್ಟಿ ಈರುಳ್ಳಿ ಆರಿಸಿ, ಒಣಗಿದ ಹಳೆ ಬೇರುಗಳನ್ನು ಬ್ಲೇಡಿನಿಂದ ತೆಗೆಯುತ್ತೇನೆ. ಬುಡಕ್ಕೆ ಗಾಯವಾಗಬಾರದು, ಹೊಸ ಬೇರು ಹೊರಡುವುದೇ ಅಲ್ಲಿಂದ. ನೀರು ತುಂಬಿದ ಲೋಟದ ಮೇಲೆ ಬುಡ ಮಾತ್ರ ತಾಗುವಂತೆ ಕೂರಿಸಿ, ದಿನಾ ನೀರು ಬದಲಾಯಿಸುತ್ತೇನೆ. ಬೆಳ್ಳುಳ್ಳಿ ಎಸಳೂ ನಡೆಯುತ್ತದೆ. ಎರಡರಲ್ಲೂ ವರ್ಣತಂತುಗಳು 16, ಎರಡರಲ್ಲೂ ಅವು ದೊಡ್ಡವು.

ಬೇರು ಒಂದೆರಡು ಸೆಂಟಿಮೀಟರ್ ಬೆಳೆದಾಗ, ಬೆಳಗಿನ ಹೊತ್ತು ತುದಿ ಕತ್ತರಿಸಿ ತಕ್ಷಣ ಫಿಕ್ಸೇಟಿವ್‌ಗೆ ಹಾಕುತ್ತೇನೆ. 3 ಪಾಲು ಆಲ್ಕೋಹಾಲ್, 1 ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಅದರಲ್ಲಿ 24 ಗಂಟೆ. ಆ ಗಳಿಗೆಯಲ್ಲಿ ಯಾವ ಕೋಶ ಯಾವ ಹಂತದಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಆಮೇಲೆ 70% ಆಲ್ಕೋಹಾಲ್‌ನಲ್ಲಿ ಎತ್ತಿಟ್ಟರೆ ಬೇಕಾದಾಗ ಬಳಸಬಹುದು.

ಸ್ಲೈಡ್ ಚೆನ್ನಾಗಿ ಬರುವುದು, ಬಿಡುವುದು ಆಮ್ಲದ ಹಂತದಲ್ಲೇ ತೀರ್ಮಾನವಾಗುತ್ತದೆ. 1 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, 5ರಿಂದ 10 ನಿಮಿಷ. ಕನ್ನಡಕ, ಕೈಗವಸು ಇಲ್ಲದೆ ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಇಲ್ಲಿ ಸಡಿಲವಾಗುತ್ತದೆ. ಸಡಿಲವಾಗದಿದ್ದರೆ ಎಷ್ಟು ಒತ್ತಿದರೂ ಕೋಶಗಳು ಒಂದರ ಮೇಲೊಂದು ಕೂತೇ ಇರುತ್ತವೆ, ಎಣಿಸಲು ಆಗುವುದಿಲ್ಲ.

ತೊಳೆದು ಅಸಿಟೋಕಾರ್ಮೈನ್‌ನಲ್ಲಿ ಇಟ್ಟಾಗ ಬೇರಿನ ತುದಿ ಗಾಢವಾಗಿ ಬಣ್ಣ ಹಿಡಿಯುತ್ತದೆ. ಆ 1–2 ಮಿಲಿಮೀಟರ್ ಮಾತ್ರ ಉಳಿಸಿಕೊಳ್ಳುತ್ತೇನೆ. ಮೇಲಿನ ಭಾಗದ ಕೋಶಗಳು ವಿಭಜನೆ ನಿಲ್ಲಿಸಿ ಉದ್ದವಾಗುತ್ತಿರುತ್ತವೆ. ಅವು ಸೇರಿಕೊಂಡರೆ ಇಂಟರ್‌ಫೇಸ್ ಲೆಕ್ಕ ಸುಮ್ನೆ ಉಬ್ಬುತ್ತದೆ. ಕವರ್ ಸ್ಲಿಪ್ ಹಾಕಿ, ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಬೇಕು. ಪಕ್ಕಕ್ಕೆ ಜಾರಿದರೆ ಕೋಶಗಳು ಸುರುಳಿಯಾಗುತ್ತವೆ.

ಎಣಿಸುವ ಮೊದಲು ನಿಯಮ ಬರೆದುಕೊಳ್ಳುವುದು ಬಹಳ ಮುಖ್ಯ. ಕೋಶಕೇಂದ್ರದಲ್ಲಿ ವರ್ಣತಂತುಗಳ ಎಳೆಗಳು ಬಿಡಿಬಿಡಿಯಾಗಿ ಕಂಡರೆ ಪ್ರೊಫೇಸ್, ಅಂದರೆ ವಿಭಜನೆಯ ಮೊದಲ ಹಂತ, ಇಲ್ಲದಿದ್ದರೆ ಇಂಟರ್‌ಫೇಸ್. ಎರಡು ಕೋಶಕೇಂದ್ರಗಳ ನಡುವೆ ಗೋಡೆ ಪೂರ್ತಿ ಬಂದಿದ್ದರೆ ಎರಡು ಇಂಟರ್‌ಫೇಸ್ ಕೋಶ. ಬಂದಿಲ್ಲವಾದರೆ ಒಂದು ಟೀಲೋಫೇಸ್, ಅಂದರೆ ವಿಭಜನೆಯ ಕೊನೆಯ ಹಂತ. ಮಧ್ಯದಲ್ಲಿ ನಿಯಮ ಬದಲಾಯಿಸುವ ಹಾಗಿಲ್ಲ. ಚೆಂದದ ಕೋಶ ಸಿಕ್ಕ ಕಡೆ ನಿಲ್ಲುವ ಹಾಗೂ ಇಲ್ಲ. ಕಣ್ಣಿಗೆ ಬಂದ ಜಾಗದಲ್ಲಿರುವ ಕೋಶಗಳನ್ನೆಲ್ಲ ಎಣಿಸಬೇಕು.

ಯಾಕೆ ಎಣಿಸಬೇಕು ಎಂದು ಮಕ್ಕಳು ಕೇಳಿದರೆ ದರ್ಶಿನಿ ಹೋಟೆಲ್ ತೋರಿಸುತ್ತೇನೆ. ಯಾವ ಹೊತ್ತಿಗೆ ಫೋಟೊ ತೆಗೆದರೂ ತಿನ್ನುತ್ತಾ ನಿಂತವರೇ ಜಾಸ್ತಿ, ಕೈ ತೊಳೆಯುವವರು ಕಡಿಮೆ. ತಿನ್ನಲು ಹೆಚ್ಚು ಹೊತ್ತು ಬೇಕು, ಅಲ್ವಾ? ಸ್ಲೈಡ್‌ನಲ್ಲೂ ಹಾಗೇ. 500 ಕೋಶಗಳಲ್ಲಿ 40 ಮಾತ್ರ ವಿಭಜನೆಯಲ್ಲಿದ್ದರೆ ಮೈಟಾಟಿಕ್ ಇಂಡೆಕ್ಸ್ 8%. ಕೋಶದ ಇಡೀ ಚಕ್ರಕ್ಕೆ, ಅಂದರೆ ಒಂದು ವಿಭಜನೆಯಿಂದ ಮುಂದಿನದರವರೆಗೆ, 20 ಗಂಟೆ ಎಂದುಕೊಂಡರೆ ಮೈಟಾಸಿಸ್‌ಗೆ, ಅಂದರೆ ಈ ವಿಭಜನೆಗೆ, ಸುಮಾರು ಒಂದೂವರೆ ಗಂಟೆ. ಇದು ಅಂದಾಜು ಲೆಕ್ಕ. ಚಕ್ರದ ಒಟ್ಟು ಸಮಯವನ್ನು ಸ್ಲೈಡ್ ಹೇಳುವುದಿಲ್ಲ, ಅದನ್ನು ಬೇರೆ ಪ್ರಯೋಗದಿಂದ ತಿಳಿಯಬೇಕು. ವಿಭಜನೆಯಲ್ಲಿರುವ ಕೋಶಗಳಲ್ಲೂ ಪ್ರೊಫೇಸ್‌ನವೇ ಹೆಚ್ಚು. ಅನಾಫೇಸ್ ಅಪರೂಪ, ಏಕೆಂದರೆ ಅದು ಬೇಗ ಮುಗಿಯುತ್ತದೆ.

ಉಳಿದ ಅಷ್ಟೂ ಹೊತ್ತು ಕೋಶ ಏನು ಮಾಡುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದೂ ಬೇರಿನ ತುದಿಯಲ್ಲೇ ಎನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ. 1953ರಲ್ಲಿ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಫಾವಾ ಬೀನ್ಸ್ ಬೇರಿಗೆ ವಿಕಿರಣಶೀಲ ರಂಜಕ ಉಣಿಸಿ, ಡಿಎನ್ಎ ಪ್ರತಿಯಾಗುವುದು ಇಂಟರ್‌ಫೇಸ್‌ನ ಒಂದು ನಿಗದಿತ ಅವಧಿಯಲ್ಲಿ ಎಂದು ತೋರಿಸಿದರು. ಆ ಅವಧಿಯ ಹೆಸರು ಎಸ್, ಅದಕ್ಕೆ ಮೊದಲಿನದು ಜಿ1, ನಂತರದ್ದು ಜಿ2. ನಮ್ಮ ಸ್ಲೈಡ್‌ನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಕಾರ್ಮೈನ್ ಅವನ್ನು ಬೇರ್ಪಡಿಸಿ ತೋರಿಸುವುದಿಲ್ಲ.

ಈಗ ಒಂದು ಲೋಟ ತಂಪು ಜಾಗದಲ್ಲಿ, ಇನ್ನೊಂದು ಬೆಚ್ಚನೆ ಜಾಗದಲ್ಲಿ ಇಟ್ಟು ಹೋಲಿಸಲು ಹೇಳುತ್ತೇನೆ. ಬೆಚ್ಚಗಿರುವ ಬೇರು ಬೇಗ ಬೆಳೆದರೂ ಇಂಡೆಕ್ಸ್ ಅಷ್ಟೇ ಇರಬಹುದು. ಎಲ್ಲ ಹಂತಗಳೂ ಒಂದೇ ಪ್ರಮಾಣದಲ್ಲಿ ಚುರುಕಾದರೆ ಶೇಕಡಾವಾರು ಬದಲಾಗುವುದಿಲ್ಲವಲ್ಲ. ಅದಕ್ಕೇ ಕೋಶಗಳ ಲೆಕ್ಕದ ಪಕ್ಕದಲ್ಲಿ ನೀರಿನ ಉಷ್ಣತೆ, ಬೇರಿನ ಉದ್ದ, ತುದಿ ಕತ್ತರಿಸಿದ ಸಮಯ ಮೂರನ್ನೂ ಬರೆಸುತ್ತೇನೆ.