ಫ್ಲಾಪ್‌ನಲ್ಲಿ ರೀ-ರೈಸ್ ಮಾಡುವ ಮೊದಲು ನಾನು ಹಾಕುವ ಲೆಕ್ಕ

ಪೋಕರ್‌ನ ನೋ ಲಿಮಿಟ್ ಹೋಲ್ಡೆಮ್ ಆಟದಲ್ಲಿ ಫ್ಲಾಪ್ (ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳು) ಬಿದ್ದ ಮೇಲೆ ನಾನು ಬೆಟ್ ಹಾಕಿ, ಎದುರಾಳಿ ಅದನ್ನು ರೈಸ್ ಮಾಡಿದಾಗ, ಅಂದರೆ ಏರಿಸಿದಾಗ, ಉಳಿದ ಚಿಪ್‌ಗಳನ್ನೆಲ್ಲ ಇದೇ ಹ್ಯಾಂಡ್‌ನಲ್ಲಿ ಪಾಟ್‌ಗೆ (ಗೆದ್ದವರಿಗೆ ಸೇರುವ ಒಟ್ಟು ಪಣಕ್ಕೆ) ಸೇರಿಸಲು ಸಿದ್ಧನಿದ್ದೇನೆಯೇ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಇಬ್ಬರ ಬಳಿಯೂ 1,000 ಚಿಪ್‌ಗಳಿದ್ದು, ಪಾಟ್‌ನಲ್ಲಿ 100 ಇದೆ ಎಂದುಕೊಳ್ಳೋಣ. ನಾನು 50 ಹಾಕಿದೆ, ಎದುರಾಳಿ 150ಕ್ಕೆ ಏರಿಸಿದರು, ನಾನು 400ಕ್ಕೆ ಏರಿಸಿದೆ; ಇದೇ ರೀ-ರೈಸ್. ಅವರು ಕಾಲ್ ಮಾಡಿದರೆ, ಅಂದರೆ ಅಷ್ಟೇ ಮೊತ್ತ ಹಾಕಿ ಆಟದಲ್ಲಿ ಉಳಿದರೆ, ಪಾಟ್ 900 ಆಗುತ್ತದೆ, ಕೈಯಲ್ಲಿ ಉಳಿಯುವುದು 600 ಮಾತ್ರ. ಟರ್ನ್‌ನಲ್ಲಿ (ಮೇಜಿನ ನಾಲ್ಕನೆಯ ಎಲೆ ಬಿದ್ದಾಗ) ಹಿಂದೆ ಸರಿಯಲು ಅಲ್ಲಿ ಹೆಚ್ಚು ಜಾಗವಿರುವುದಿಲ್ಲ.

ಎರಡನೆಯದಾಗಿ ನೋಡುವುದು ಫ್ಲಾಪ್‌ನ ಸ್ವರೂಪ. ಮೂರು ಬೇರೆ ಬೇರೆ ರಂಗುಗಳ (ಹಾರ್ಟ್ಸ್, ಕ್ಲಬ್ಸ್‌ನಂಥವು) ರಾಜ, ಏಳು, ಎರಡು ಬಿದ್ದಿದ್ದು ನನ್ನ ಬಳಿ ಏಳರ ಸೆಟ್ (ಕೈಯಲ್ಲಿ ಎರಡು, ಫ್ಲಾಪ್‌ನಲ್ಲಿ ಒಂದು, ಒಟ್ಟು ಮೂರು ಏಳು) ಇದ್ದರೂ ನಾನು ಸಾಮಾನ್ಯವಾಗಿ ಕಾಲ್ ಮಾತ್ರ ಮಾಡುತ್ತೇನೆ, ಏಕೆಂದರೆ ಅಲ್ಲಿ ಡ್ರಾ (ಮುಂದಿನ ಎಲೆ ಬಂದರೆ ಪೂರ್ಣವಾಗುವ ಹ್ಯಾಂಡ್) ಎಂಬುದೇ ಇಲ್ಲ, ರೀ-ರೈಸ್ ಮಾಡಿದರೆ ಬ್ಲಫ್ ಮಾಡುತ್ತಿರುವವರು ತಕ್ಷಣ ಫೋಲ್ಡ್ ಮಾಡುತ್ತಾರೆ, ಅಂದರೆ ಎಲೆಗಳನ್ನು ಬಿಟ್ಟುಕೊಡುತ್ತಾರೆ. ಅದೇ ಹಾರ್ಟ್ಸ್‌ನ ಒಂಬತ್ತು ಮತ್ತು ಎಂಟು, ಕ್ಲಬ್ಸ್‌ನ ಎರಡು ಬಿದ್ದಾಗ ಸೆಟ್ ಇದ್ದರೆ ತಡಮಾಡುವುದಿಲ್ಲ. ಡ್ರಾ ಹಿಡಿದವರು ಫ್ಲಾಪ್‌ನಲ್ಲಿ ಹಣ ಕೊಡುತ್ತಾರೆ. ಟರ್ನ್‌ನಲ್ಲಿ ಇನ್ನೊಂದು ಹಾರ್ಟ್ಸ್ ಬಂದರೆ ಒಂದೋ ನಾನು ಹಿಂದೆ ಬಿದ್ದಿರುತ್ತೇನೆ, ಇಲ್ಲವೇ ಒಂದು ಜೋಡಿ ಹಿಡಿದವರೂ ಹೆದರಿ ನಿಲ್ಲುತ್ತಾರೆ. ಮೇಲಿನ ಒಂದೇ ಜೋಡಿ ನನ್ನ ಬಳಿ ಇದ್ದರೆ ಎರಡೂ ಬಗೆಯ ಫ್ಲಾಪ್‌ಗಳಲ್ಲಿ ರೀ-ರೈಸ್ ನನಗೆ ಸರಿಕಾಣುವುದಿಲ್ಲ: ದುರ್ಬಲ ಹ್ಯಾಂಡ್‌ಗಳು ಹೊರಟುಹೋಗುತ್ತವೆ, ಬಲವಾದವು ಉಳಿಯುತ್ತವೆ.

ಸೆಟ್ ಇಲ್ಲದೆಯೂ ರೀ-ರೈಸ್ ಮಾಡುವ ಸಂದರ್ಭವೇ ನನಗೆ ಅತ್ಯಂತ ಪ್ರಿಯವಾದ ಭಾಗ. ಮೇಲಿನ ಉದಾಹರಣೆಯಲ್ಲಿ 300 ಗೆಲ್ಲಲು ನಾನು ಹೊಸದಾಗಿ 350 ಹಾಕುತ್ತಿದ್ದೇನೆ. ಏನೂ ಇಲ್ಲದ ಶುದ್ಧ ಬ್ಲಫ್ ಆದರೆ ಎದುರಾಳಿ ಸುಮಾರು ಶೇಕಡ 54ರಷ್ಟು ಸಲ ಫೋಲ್ಡ್ ಮಾಡಬೇಕು, ಅಷ್ಟನ್ನು ನಾನು ಯಾರಿಂದಲೂ ನಿರೀಕ್ಷಿಸುವುದಿಲ್ಲ. ಆದರೆ ಅದೇ ಒಂಬತ್ತು, ಎಂಟು, ಎರಡರ ಫ್ಲಾಪ್‌ನಲ್ಲಿ ಹಾರ್ಟ್ಸ್‌ನ ಗುಲಾಮ ಮತ್ತು ಹತ್ತು ನನ್ನ ಬಳಿ ಇದ್ದರೆ, ಫ್ಲಷ್‌ಗೆ (ಒಂದೇ ರಂಗಿನ ಐದು ಎಲೆ) 9 ಎಲೆಗಳು, ಸ್ಟ್ರೇಟ್‌ಗೆ (ಅನುಕ್ರಮದ ಐದು ಎಲೆ) ಇನ್ನೂ 6, ಒಟ್ಟು 15 ಎಲೆಗಳು ನನ್ನ ಪರವಾಗಿವೆ. ರಿವರ್ (ಐದನೆಯ, ಕೊನೆಯ ಎಲೆ) ಮುಗಿಯುವುದರೊಳಗೆ ಅವುಗಳಲ್ಲಿ ಒಂದಾದರೂ ಬರುವ ಸಾಧ್ಯತೆ ಶೇಕಡ 54. ಆಗ ಎದುರಾಳಿ ಫೋಲ್ಡ್ ಮಾಡಿದರೂ ಲಾಭ, ಒಂದು ಜೋಡಿಯಿಂದ ಕಾಲ್ ಮಾಡಿದರೂ ನಷ್ಟವಿಲ್ಲ.

ಎದುರಾಳಿ ಆಲ್-ಇನ್ (ಉಳಿದ ಚಿಪ್‌ಗಳೆಲ್ಲ ಪಾಟ್‌ಗೆ) ಎಂದರೆ ಏನು ಮಾಡಬೇಕೆಂಬುದನ್ನು ರೀ-ರೈಸ್‌ಗೆ ಮೊದಲೇ ನಿರ್ಧರಿಸಿರುತ್ತೇನೆ. ಆಗ 1,500 ಇರುವ ಪಾಟ್‌ಗೆ ನಾನು 600 ಹಾಕಬೇಕಾಗುತ್ತದೆ, ಅದಕ್ಕೆ ಶೇಕಡ 29ರಷ್ಟು ಗೆಲುವಿನ ಸಾಧ್ಯತೆ ಸಾಕು. ಗುಲಾಮ-ಹತ್ತಿಗೆ ಸೆಟ್‌ನ ಎದುರಿನಲ್ಲೂ ಶೇಕಡ 40ರ ಆಸುಪಾಸು ಸಿಗುವುದರಿಂದ ಕಾಲ್ ಮಾಡುತ್ತೇನೆ. ಎಕ್ಕದ ಫ್ಲಷ್ ಡ್ರಾ ಒಂದೇ ಇದ್ದಾಗ ಸೆಟ್‌ನ ಎದುರು ಆ ಸಾಧ್ಯತೆ ಶೇಕಡ 25ಕ್ಕೆ ಇಳಿಯುತ್ತದೆ. ಆದ್ದರಿಂದ ಅಂಥ ಒಳ್ಳೆಯ ಡ್ರಾವನ್ನು ಬಲವಂತವಾಗಿ ಬಿಟ್ಟುಕೊಡುವ ಸ್ಥಿತಿಗೆ ಹೋಗದೆ, ಮೊದಲ ರೈಸ್‌ಗೆ ಕಾಲ್ ಮಾಡಿ ಟರ್ನ್ ನೋಡುತ್ತೇನೆ.