ಮಂಗಳ ಗ್ರಹದ ಆಟಕ್ಕೆ ಸಲಕರಣೆಗಳನ್ನು ರೂಪಿಸಿದ ನನ್ನ ಅನುಭವ

ವೈಜ್ಞಾನಿಕ ಕಥೆಯ ಪಾತ್ರಾಭಿನಯದ ಆಟಗಳಲ್ಲಿ, ಅಂದರೆ ಆಟಗಾರರು ಕಥೆಯ ಪಾತ್ರಗಳಾಗಿ ದಾಳ ಎಸೆದು ಆಡುವ ಆಟಗಳಲ್ಲಿ, ಸಲಕರಣೆಗಳ ಪಟ್ಟಿಯೆಂದರೆ ಸಾಮಾನ್ಯವಾಗಿ ವಸ್ತುವಿನ ಹೆಸರು, ತೂಕ, ಬೆಲೆ ಇಷ್ಟೇ ಇರುತ್ತದೆ. ಹಾಸನದ ನಮ್ಮ ಗುಂಪಿಗಾಗಿ ಮಂಗಳ ಗ್ರಹದಲ್ಲಿ ನಡೆಯುವ ಆಟವೊಂದನ್ನು ಬರೆಯುವಾಗ ನಾನು ಆ ಕ್ರಮವನ್ನು ಬಿಟ್ಟು, ಪ್ರತಿ ವಸ್ತುವಿನ ಚೀಟಿಯ ಮೊದಲ ಸಾಲಿನಲ್ಲೇ ಅದು ಹೇಗೆ ಮುಗಿಯುತ್ತದೆ ಎಂಬುದನ್ನು ಬರೆದೆ. ಕೈಯಲ್ಲಿರುವುದು ಖಾಲಿಯಾಗುತ್ತಿದೆ ಎಂದು ಗೊತ್ತಾದಾಗಲೇ ಆಟಗಾರರು ನಿಜವಾದ ನಿರ್ಧಾರಗಳಿಗೆ ಬರುತ್ತಾರೆ.

ಮೊದಲು ಬರೆದದ್ದು ಉಸಿರಿನ ಚೀಟಿ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು; ಅವನು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಕಿಲೋ. ಆಟಗಾರರ ಗಮನವೆಲ್ಲ ಸಿಲಿಂಡರಿನ ಮೇಲಿರುತ್ತದೆ, ಆದರೆ ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರುವ ಮೊದಲೇ ಹೊರಬಿಟ್ಟ ಉಸಿರು ಪ್ರಾಣಕ್ಕೆ ಎರವಾಗಬಹುದು. 1970ರಲ್ಲಿ ಅಪೊಲೊ 13ರ ಮೂವರು ಯಾತ್ರಿಗಳು ಚಂದ್ರನೌಕೆಯಲ್ಲಿ ಆಶ್ರಯ ಪಡೆದಾಗ ಆಮ್ಲಜನಕ ಸಾಕಷ್ಟಿತ್ತು; ಕೊರತೆಯಾದದ್ದು ಗಾಳಿ ಶುದ್ಧಮಾಡುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳಿಗೆ. ಮುಖ್ಯ ನೌಕೆಯ ಡಬ್ಬಿಗಳು ಚೌಕವಾಗಿದ್ದು ಚಂದ್ರನೌಕೆಯವು ದುಂಡಗಿದ್ದುದರಿಂದ, ಪ್ಲಾಸ್ಟಿಕ್ ಚೀಲ, ಕೊಳವೆ ಮತ್ತು ಅಂಟುಪಟ್ಟಿಗಳಿಂದ ಅವನ್ನು ಹೊಂದಿಸಬೇಕಾಯಿತು. ಆದ್ದರಿಂದ ನಮ್ಮ ಆಟದಲ್ಲಿ ಸಿಲಿಂಡರಿಗೊಂದು, ಶೋಧಕ ಡಬ್ಬಿಗೊಂದು ಬೇರೆಬೇರೆ ಚೀಟಿಗಳಿವೆ, ಡಬ್ಬಿಯ ಚೀಟಿಯ ಮೂಲೆಯಲ್ಲಿ ಚೌಕವೋ ದುಂಡೋ ಎಂಬ ಗುರುತೂ ಇದೆ. ಗುರುತು ಹೊಂದದಿದ್ದರೆ ಅಂಟುಪಟ್ಟಿಯನ್ನು ಖರ್ಚುಮಾಡಿ ದಾಳ ಎಸೆಯಬೇಕು.

ನಿಮಿಷ ನಿಮಿಷದ ಲೆಕ್ಕ ಇಡುವುದು ಆಟವನ್ನು ಕೊಲ್ಲುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಾಗಿ ಹಲವು ಆಟಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಇಳಿಯುವ ದಾಳದ ಪದ್ಧತಿಯನ್ನು ತೆಗೆದುಕೊಂಡೆ. ಹೊಸ ಶೋಧಕ ಡಬ್ಬಿಗೆ ಎಂಟು ಮುಖದ ದಾಳ. ಹೊರಗೆ ದುಡಿದ ಪ್ರತಿ ಗಂಟೆಗೊಮ್ಮೆ ಎಸೆತ. ಒಂದೋ ಎರಡೋ ಬಿದ್ದರೆ ಆರು ಮುಖಕ್ಕೆ, ಮತ್ತೆ ಬಿದ್ದರೆ ನಾಲ್ಕು ಮುಖಕ್ಕೆ ಇಳಿಕೆ, ಅದರಲ್ಲೂ ಬಿದ್ದರೆ ಡಬ್ಬಿ ಮುಗಿಯಿತು. ಲೆಕ್ಕ ಹಾಕಿದರೆ ಸರಾಸರಿ ಒಂಬತ್ತು ಎಸೆತ ಸಿಗುತ್ತದೆ. ಅಂತರಿಕ್ಷ ನಿಲ್ದಾಣದ ಹೊರಗಿನ ನಡಿಗೆಗಳು ಸಾಮಾನ್ಯವಾಗಿ ಆರೇಳು ಗಂಟೆ ನಡೆಯುವುದರಿಂದ ಇದು ನಂಬುವಂಥ ಅಳತೆ. ಬಹುಮುಖ ದಾಳ ಸಿಗದವರು ಅಂಕಿ ಬರೆದ ಚೀಟಿಗಳನ್ನು ಡಬ್ಬದಲ್ಲಿ ಕುಲುಕಿ ಎತ್ತಬಹುದು.

ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿರುವ ನಮ್ಮ ಹಾಸನದ ಹುಡುಗರು ವಿಜ್ಞಾನದ ವಿಷಯದಲ್ಲಿ ಸುಲಭಕ್ಕೆ ಒಪ್ಪುವವರಲ್ಲ. ಅಂತರಿಕ್ಷ ದಿರಿಸಿನ ಚೀಟಿಯಲ್ಲಿ ತಂಪುಗೊಳಿಸುವ ನೀರು ಎಂದು ಓದಿದ ಒಬ್ಬ, “ಅಣ್ಣ, ಅಲ್ಲಿ ಸರಾಸರಿ ಮೈನಸ್ ಅರವತ್ತು ಡಿಗ್ರಿ ಚಳಿ, ತಂಪು ಯಾಕೆ?” ಎಂದು ಕೇಳಿದ. ಅಲ್ಲಿನ ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ. ಅಷ್ಟು ತೆಳುವಾದ ಗಾಳಿ ಶಾಖವನ್ನು ಬೇಗ ಸೆಳೆಯಲಾರದು, ಹಾಗಾಗಿ ಮೈಮುರಿದು ದುಡಿಯುವವನು ದಿರಿಸಿನೊಳಗೆ ಬೇಯುತ್ತಾನೆ. ಅಂತರಿಕ್ಷ ನಿಲ್ದಾಣದವರು ಹೊರಗೆ ಹೋಗುವಾಗ ತೊಡುವ ಅಮೆರಿಕದ ದಿರಿಸು ನೀರನ್ನು ಮಂಜುಗಡ್ಡೆಯಾಗಿಸಿ ಹೊರಗಿನ ಶೂನ್ಯಕ್ಕೆ ಆವಿಯಾಗಿ ಬಿಟ್ಟು ಈ ಶಾಖವನ್ನು ಕಳೆಯುತ್ತದೆ. ಈ ವಿವರಣೆಯಿಂದ ನಮಗೆ ಬೆಲೆಯುಳ್ಳ ನಿಯಮವೊಂದು ದಕ್ಕಿತು: ಕುಡಿಯುವ ನೀರೂ ತಂಪಿನ ನೀರೂ ಒಂದೇ ತೊಟ್ಟಿಯವು. ಗಾಯಗೊಂಡ ಸಂಗಾತಿಯನ್ನು ಹೊತ್ತು ಓಡುವವನು ಇಬ್ಬರ ಕುಡಿಯುವ ನೀರನ್ನೂ ಖರ್ಚುಮಾಡುತ್ತಾನೆ. ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ವಿಷಕಾರಿ ಲವಣಗಳಿರುವುದನ್ನು ಫೀನಿಕ್ಸ್ ನೌಕೆ 2008ರಲ್ಲಿ ಕಂಡುಹಿಡಿದಿದ್ದರಿಂದ, ಅಗೆದು ತೆಗೆದ ಮಂಜುಗಡ್ಡೆಯನ್ನು ಶುದ್ಧಮಾಡದೆ ಕುಡಿಯುವಂತಿಲ್ಲ.

ಸಣ್ಣ ವಸ್ತುಗಳಿಗೆ ಸಕಲೇಶಪುರದ ತೋಟಗಳೇ ಮಾದರಿ. ಮಳೆಗಾಲದಲ್ಲಿ ಗೊರಬು ಎಂಬ ಹೆಣೆದ ಮಳೆಹೊದಿಕೆ ತಲೆ ಬೆನ್ನುಗಳನ್ನು ಕಾಯುತ್ತಲೇ ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟುಕೊಡುತ್ತದೆ. ಕಂಬಳಿ ಮಳೆಗೆ ಹೊದಿಕೆ, ರಾತ್ರಿಗೆ ಹಾಸಿಗೆ. ಅದಕ್ಕೇ ನಮ್ಮ ಚೀಟಿಗಳಲ್ಲಿ ಕೈ ಬಿಡುವಾಗಿದೆಯೇ ಎಂಬ ಸಾಲು ಕಡ್ಡಾಯವಾಗಿದೆ, ಎರಡನೆಯ ಉಪಯೋಗವಿಲ್ಲದ ವಸ್ತುವಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಈಗ ಕೈಯಲ್ಲಿರುವುದು ಒತ್ತಡ ತುಂಬುವ ಗುಡಾರದ ಚೀಟಿ. ಅದರ ಶೋಧಕ ಇಬ್ಬರ ಉಸಿರಿಗೆ ಮಾತ್ರ ಸಾಲುತ್ತದೆ. ಮೂರನೆಯವರು ಒಳಬಂದರೆ ದಾಳ ಗಂಟೆಗೆ ಎರಡು ಬಾರಿ ಬೀಳಬೇಕೋ, ಅಥವಾ ಒಂದೇಟಿಗೆ ಒಂದು ಮೆಟ್ಟಿಲು ಇಳಿಯಬೇಕೋ ಎಂಬುದನ್ನು ಮುಂದಿನ ಆಟದಲ್ಲಿ ಪರೀಕ್ಷಿಸಲಿದ್ದೇನೆ.