ಕರಡು ತಿದ್ದುವ ಕಿವಿ

ಮೊಮ್ಮಗ ಬಾಗಿಲಲ್ಲಿ ನಿಂತು, "ಅಜ್ಜಾ, ಇದು ನನ್ನ ಚಪ್ಪಲಿ ಇಲ್ಲ" ಅಂದ. ಆಗ ಅವನಿಗೆ ಏಳು ವರ್ಷ. "ಇಲ್ಲ ಅನ್ನಬಾರದು, ಅಲ್ಲ ಅನ್ನಬೇಕು" ಅಂದೆ. ಮತ್ತೆ ಹೇಳಿಸಿದೆ, ಮತ್ತೆ ತಪ್ಪಿದ. ಮೂರನೆಯ ಸಲ ಸರಿಯಾಗಿ ಹೇಳಿದ ಮೇಲೆಯೇ ಚಪ್ಪಲಿ ಹುಡುಕಿಕೊಟ್ಟೆ. ಕೆಳಗೆ ಅವನ ಗೆಳೆಯರು ಬ್ಯಾಟು ಹಿಡಿದು ಕಾಯುತ್ತಿದ್ದರು. ಮಾರನೆಯ ದಿನದಿಂದ ಅವನು ನನ್ನ ಹತ್ತಿರ ಹಿಂದಿಯಲ್ಲಿ ಮಾತಾಡತೊಡಗಿದ. ಅಜ್ಜಿಯ ಜೊತೆ ಕನ್ನಡ, ನನ್ನ ಜೊತೆ ಹಿಂದಿ. ಹೀಗೆ ಮೂರು ತಿಂಗಳು ನಡೆಯಿತು.

ನಾನು ಗದಗದ ಕಡೆಯವನು. ಮುಂಬಯಿಗೆ ಬಂದು 26 ವರ್ಷ ಕನ್ನಡ ಅಚ್ಚಿನ ಕರಡು ತಿದ್ದಿದೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಫೋರ್ಟಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸು. ಕರಡು ತಿದ್ದುವವನ ಕಣ್ಣಿಗೆ ಒಂದು ವಿಶೇಷ ಅಭ್ಯಾಸ ಬೇಕಾಗುತ್ತದೆ. ಅರ್ಥದ ಬೆನ್ನು ಹತ್ತಿದರೆ ತಪ್ಪು ಕಣ್ಣು ತಪ್ಪಿಸಿಕೊಂಡುಬಿಡುತ್ತದೆ. ಹಾಗಾಗಿ ಅರ್ಥವನ್ನು ಪಕ್ಕಕ್ಕಿಟ್ಟು ಅಕ್ಷರ, ಪ್ರತ್ಯಯ, ಕ್ರಿಯಾಪದಗಳ ಮೇಲಷ್ಟೇ ಕಣ್ಣು ನಡೆಸಬೇಕು. ಅನ್ನ ಕೊಟ್ಟ ಅಭ್ಯಾಸ ಅದು. ಆದರೆ ಕಣ್ಣಿನ ಆ ಅಭ್ಯಾಸ ಯಾವಾಗಲೋ ಕಿವಿಗೂ ಇಳಿದಿತ್ತು. ಮಾತು ತಪ್ಪಿದರೆ ಹಲ್ಲಿಗೆ ಕಲ್ಲು ಸಿಕ್ಕಂತೆ ಆಗುತ್ತಿತ್ತು, ಉಗುಳದೆ ಇರಲು ಆಗುತ್ತಿರಲಿಲ್ಲ.

ನಮ್ಮ ಕಟ್ಟಡದಲ್ಲೇ ಇರುವ ಒಬ್ಬರು ತಮ್ಮ ತಾಯಿ ತೀರಿಕೊಂಡ ರಾತ್ರಿಯ ಬಗ್ಗೆ ಹೇಳುತ್ತಿದ್ದರು. "ಆಮೇಲೆ ಎರಡು ಡಾಕ್ಟರ್ ಬಂದ್ರು" ಅಂದರು. ನನ್ನ ಬಾಯಿಂದ "ಇಬ್ಬರು" ಅಂತ ಬಂದೇಬಿಟ್ಟಿತು. ಅವರು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ನೀರು ಬರುವ ಹೊತ್ತಾಯಿತು ಎಂದು ಎದ್ದು ಹೋದರು.

ಇವೆರಡೂ ಒಂದೇ ವರ್ಷದಲ್ಲಿ ಆದವು. ನನ್ನ ಹೆಂಡತಿ ಬೈಯಲಿಲ್ಲ. "ಅವರೇನು ನಿಮಗ ಕರಡು ತಂದು ಕೊಟ್ಟಿದ್ರೇನು?" ಎಂದು ಮಾತ್ರ ಕೇಳಿದಳು.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ತಪ್ಪು ಕಿವಿಗೆ ಬಿದ್ದರೆ ಬಾಯಿ ಬಿಡಬಾರದು, ಬರೆದುಕೊಳ್ಳಬೇಕು. ಜೇಬಿನಲ್ಲಿ ಹಿಡಿಸುವ ಒಂದು ನೋಟುಪುಸ್ತಕ. ಲೋಕಲ್ಲಿನಲ್ಲಿ, ಮಾಟುಂಗಾದ ಹೂವಿನ ಅಂಗಡಿಗಳ ಮುಂದೆ, ಮದುವೆ ಮನೆಯಲ್ಲಿ, ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕದ ವಿರಾಮದ ಹೊತ್ತಿನಲ್ಲಿ, ಎಲ್ಲಿ ಕನ್ನಡ ಕೇಳಿಸಿತೋ ಅಲ್ಲಿ ಬರೆದುಕೊಂಡೆ. ಎಡಕ್ಕೆ ಅವರು ಅಂದದ್ದು, ಬಲಕ್ಕೆ ಅದು ಎಲ್ಲಿಂದ ಬಂದಿರಬಹುದು ಅನ್ನುವುದು. ಬರೆದ ಕೂಡಲೆ ಎದೆಯ ಕಿರಿಕಿರಿ ಅರ್ಧ ಇಳಿಯುತ್ತಿತ್ತು. ಉಳಿದ ಅರ್ಧವನ್ನು ಇಳಿಸಿದ್ದು ಬಲಗಡೆಯ ಸಾಲು.

ನಾಲ್ಕು ತಿಂಗಳಾದ ಮೇಲೆ ಪುಟ ತಿರುವಿ ನೋಡಿದರೆ, ಸಾವಿರ ತಪ್ಪು ಅಂದುಕೊಂಡಿದ್ದವು ನಿಜವಾಗಿ ಐದಾರೇ. ಅವೇ ಬೇರೆ ಬೇರೆ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಒಂದೊಂದಕ್ಕೂ ಒಂದು ಕಾರಣವಿತ್ತು. ಮಕ್ಕಳು "ಗಾಡಿ ಬಂದಳು" ಅನ್ನುತ್ತಾರೆ. ಹಿಂದಿ, ಮರಾಠಿ ಎರಡರಲ್ಲೂ ಗಾಡಿ ಸ್ತ್ರೀಲಿಂಗ. ಸ್ಟೇಷನ್ನಿನಲ್ಲಿ ದಿನವೂ "ಗಾಡೀ ಆಲೀ" ಕೇಳುವ ಮಗುವಿಗೆ ಅದು ಬಂದಳೇ. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಲ್ಲುತ್ತದೆ, ಮನುಷ್ಯರು ದೇವತೆಗಳನ್ನು ಬಿಟ್ಟರೆ ಮಿಕ್ಕದ್ದೆಲ್ಲ ನಪುಂಸಕ ಎಂದು ಆ ಮಗುವಿಗೆ ಯಾರೂ ಹೇಳಿಲ್ಲ. "ಅವ ಹೇಳಿದ ಕಿ ನಾಳೆ ಬರ್ತೀನಿ" ಅನ್ನುವುದರಲ್ಲಿ ಹಿಂದಿ, ಮರಾಠಿಗಳ ಕಿ ಬಂದು ಕೂತು, ನಮ್ಮ "ಅಂತ" ಹೊರಗೆ ನಿಂತಿದೆ. "ಎರಡು ಡಾಕ್ಟರ್" ಕೂಡ ಅಂಥದ್ದೇ. ಹಿಂದಿಯ ದೋ ಡಬ್ಬಿಗೂ ಆಗುತ್ತದೆ, ಡಾಕ್ಟರಿಗೂ ಆಗುತ್ತದೆ. ನಾವು ಮನುಷ್ಯರನ್ನು ಎಣಿಸಲಿಕ್ಕೆ ಒಬ್ಬ, ಇಬ್ಬರು, ಮೂವರು ಎಂದು ಬೇರೆ ಪದಗಳನ್ನೇ ಇಟ್ಟುಕೊಂಡವರು.

ಇನ್ನು ಮೊಮ್ಮಗನ ಚಪ್ಪಲಿ. ಕನ್ನಡದಲ್ಲಿ ಅಲ್ಲ ಬೇರೆ, ಇಲ್ಲ ಬೇರೆ. "ಅವರು ಡಾಕ್ಟರ್ ಅಲ್ಲ" ಅಂದರೆ ಒಂದು, "ಡಾಕ್ಟರ್ ಇಲ್ಲ" ಅಂದರೆ ಮತ್ತೊಂದು. ಹಿಂದಿಯ ನಹೀಂ ಎರಡಕ್ಕೂ ಸಲ್ಲುತ್ತದೆ. ಮರಾಠಿಯಲ್ಲಿ ಅಲ್ಲ ಅನ್ನುವುದಕ್ಕೆ ನವ್ಹೇ ಇದೆ, ಆದರೆ ದಿನದ ಮಾತಿನಲ್ಲಿ ಅದರ ಜಾಗಕ್ಕೂ ನಾಹೀ ಬರುತ್ತದೆ. ಶಾಲೆ, ಆಟ, ರಿಕ್ಷಾ ಎಲ್ಲ ಕಡೆ ಒಂದೇ ಪದದಲ್ಲಿ ಕೆಲಸ ಸಾಗಿಸುವ ಹುಡುಗ ಮನೆಗೆ ಬಂದು ಎರಡರಲ್ಲಿ ಒಂದನ್ನು ಆರಿಸಬೇಕು. ಅಷ್ಟು ಕಷ್ಟದ ಜಾಗದಲ್ಲಿ ನಾನು ಅವನನ್ನು ಬಾಗಿಲಲ್ಲಿ ನಿಲ್ಲಿಸಿದ್ದೆ.

ನೋಟುಪುಸ್ತಕ ನನ್ನನ್ನೂ ಬಿಡಲಿಲ್ಲ. "ನಾನು ಅವಳಿಗೆ ನೋಡಿದೆ" ಎಂಬುದನ್ನು ಹತ್ತು ಸಲ ಬರೆದುಕೊಂಡು ಬಲಗಡೆ ಮರಾಠಿ ಎಂದು ಗುರುತು ಹಾಕಿದ್ದೆ. ಮರಾಠಿಯಲ್ಲಿ ಅವಳನ್ನು, ಅವಳಿಗೆ ಎರಡಕ್ಕೂ ತಿಲಾ ಒಂದೇ. ಒಂದು ಸಂಜೆ ಅಕ್ಕ ಗದಗದಿಂದ ಫೋನು ಮಾಡಿ, "ನಿನ್ನಿ ಸಂತ್ಯಾಗ ನಿನ್ನ ಗೆಳ್ಯಾಗ ನೋಡಿದೆ" ಅಂದಳು. ನಮ್ಮವ್ವನೂ ಹಾಗೇ ಅನ್ನುತ್ತಿದ್ದಳು. ನಾನೂ ಹಾಗೇ ಆಡುತ್ತ ಬೆಳೆದವನು. 26 ವರ್ಷ ಪುಸ್ತಕದ ದ್ವಿತೀಯೆಯನ್ನು, ಅಂದರೆ "ಅನ್ನು" ಪ್ರತ್ಯಯವನ್ನು, ಹಚ್ಚಿ ಹಚ್ಚಿ ಮನೆಯ ಮಾತು ನನಗೇ ಪರಕೀಯವಾಗಿತ್ತು. ಒಂದು ವಿಭಕ್ತಿಯ ಜಾಗಕ್ಕೆ ಇನ್ನೊಂದು ಬರುವುದನ್ನು 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಗಮನಿಸಿದ್ದಾನೆ. ವಿಭಕ್ತಿಪಲ್ಲಟ ಎಂಬ ಹೆಸರು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ. ಅವತ್ತು ರಾತ್ರಿ ಆ ಹತ್ತೂ ಗುರುತುಗಳನ್ನು ಹೊಡೆದುಹಾಕಿದೆ.

ಇದಕ್ಕಿಂತ ದೊಡ್ಡ ಪಾಠ ಶಿರಸಿ ಕಡೆಯ ಹವ್ಯಕ ಹೆಣ್ಣುಮಗಳೊಬ್ಬಳಿಂದ ಸಿಕ್ಕಿತು. ನಿವೃತ್ತನಾದ ಮೇಲೆ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಕಲಿಸತೊಡಗಿದ್ದೆ. ಅವಳು ಮಗನನ್ನು ಬಿಡಲಿಕ್ಕೆ ಬಂದವಳು ಫೋನಿನಲ್ಲಿ "ಆಯಿ ಬಂತಾ? ಅದಕ್ಕೆ ಫೋನ್ ಕೊಡು" ಅನ್ನುತ್ತಿದ್ದಳು. ಆಯಿ ಅಂದದ್ದು ಕೇಳಿ, ಮರಾಠಿ ಬೆರೆತು ಲಿಂಗವೂ ಕೆಟ್ಟಿದೆ ಎಂದು ತೀರ್ಮಾನಿಸಿದೆ. ನಿಯಮ ಮರೆತು, "ತಾಯಿಗೆ ಅದು ಅನ್ನಬಾರದಮ್ಮ" ಅಂದೆ. ಅವಳು ಸಿಟ್ಟಾಗಲಿಲ್ಲ. ತಮ್ಮ ಮಾತಿನಲ್ಲಿ ಹೆಂಗಸರಿಗೆಲ್ಲ ಬಂತು, ಹೋತು ಎಂದೇ ಅನ್ನುವುದು, ಅಜ್ಜಿಗೂ ಹಾಗೇ, ಅದರಲ್ಲಿ ಅಗೌರವವಿಲ್ಲ ಎಂದು ನಿಧಾನವಾಗಿ ಹೇಳಿದಳು. ಮನೆಯಲ್ಲಿ ನಾನು ಅನ್ನುವುದಕ್ಕೆ ಏನನ್ನುತ್ತೀರಿ ಎಂದು ಕೇಳಿದೆ. "ಆನು" ಅಂದಳು. ಹಳಗನ್ನಡದ ಆನ್! ಗ್ರಂಥದಲ್ಲಿ ಮಾತ್ರ ಕಂಡಿದ್ದ ಪದ ಡೊಂಬಿವಲಿಯ ಮೆಟ್ಟಿಲ ಮೇಲೆ ಜೀವಂತ ನಿಂತಿತ್ತು, ನಾನು ಅದರ ಒಡತಿಗೆ ವ್ಯಾಕರಣ ಹೇಳಹೊರಟಿದ್ದೆ. ಅಂದಿನಿಂದ ಏನೇ ಕೇಳಿದರೂ ಮೊದಲು ಊರು ಯಾವುದು ಎಂದು ವಿಚಾರಿಸುತ್ತೇನೆ. ಒಂದು ಊರಿಗೆ ಊರೇ ಆಡುವ ಮಾತು ತಪ್ಪಾಗಲಾರದು.

ಹಾಗಂತ ಎಲ್ಲವೂ ನಡೆಯುತ್ತದೆ ಎಂದು ನಾನು ಒಪ್ಪುವುದಿಲ್ಲ. ಅರ್ಥವಾದರೆ ಸಾಕಲ್ಲ ಎಂದು ಅನೇಕರು ಹೇಳುತ್ತಾರೆ, ನನಗೆ ಸಾಲದು. ಅಲ್ಲ, ಇಲ್ಲಗಳ ಭೇದ ಹೋದರೆ ಕನ್ನಡ ಒಂದೇ ಪದದಲ್ಲಿ ಹೇಳಬಲ್ಲ ಒಂದು ವಿಚಾರ ಆ ಮಗುವಿನ ಕೈತಪ್ಪುತ್ತದೆ. ಕಲಿಸಲೇಬೇಕು. ಆದರೆ ಮಾತಿನ ಮಧ್ಯೆ ಕಲಿಸಬಾರದು.

ನಮ್ಮ ತರಗತಿಯ ಮಕ್ಕಳಲ್ಲಿ ಅರ್ಧದಷ್ಟು ತುಳು ಮನೆಯವರು. ಪಕ್ಕದ ಮನೆಯ ಉಡುಪಿ ಕಡೆಯ ಅಜ್ಜಿ ಒಮ್ಮೆ ಬಂದು ಕೂತಾಗ ಅವರಿಂದಲೇ ಉಪಾಯ ಹೊಳೆಯಿತು. ತುಳುವಿನಲ್ಲಿ ಅತ್ತ್ ಬೇರೆ, ಇಜ್ಜಿ ಬೇರೆ. ಕೊಂಕಣಿಯಲ್ಲೂ ನ್ಹಂಯ್ ಬೇರೆ, ನಾ ಬೇರೆ. ಮಕ್ಕಳಿಗೆ ಮನೆಯ ಮಾತಿನಲ್ಲಿ ಈ ಭೇದ ಗೊತ್ತೇ ಇದೆ, ಕನ್ನಡಕ್ಕೆ ಬಂದಾಗ ಹಿಂದಿಯ ದಾರಿ ಹಿಡಿಯುತ್ತಾರೆ. ಒಂದು ಬಟ್ಟೆಯ ಚೀಲದಲ್ಲಿ ವಸ್ತು ಹಾಕಿ ಮುಟ್ಟಿಸಿದೆವು. "ಇದು ಪೆನ್ಸಿಲ್ಲಾ?" "ಅಲ್ಲ." "ಚಮಚವಾ?" "ಅಲ್ಲ." ಆಮೇಲೆ ಚೀಲ ಖಾಲಿ ಮಾಡಿ, "ಪೆನ್ಸಿಲ್ ಇದೆಯಾ?" "ಇಲ್ಲ." ಅಜ್ಜಿ ಅತ್ತ್, ಇಜ್ಜಿ ಅನ್ನುತ್ತ ಪಕ್ಕದಲ್ಲಿ ತಾಳ ಹಾಕಿದರು. ಪ್ರಶ್ನೆಯಲ್ಲಿ "ಇದೆ" ಬಂದರೆ ಉತ್ತರ "ಇಲ್ಲ", ಹೆಸರಿಗೆ ಬರಿಯ "ಆ" ಹತ್ತಿದ್ದರೆ ಉತ್ತರ "ಅಲ್ಲ". ಮೂರು ಭಾನುವಾರಕ್ಕೆ ಹೆಚ್ಚಿನವರಿಗೆ ಕೂತಿತು.

ಮೊಮ್ಮಗನ ಜೊತೆ ಬೇರೆ ದಾರಿ ಹಿಡಿದೆ. ಅವನು ಹಿಂದಿಯಲ್ಲಿ ಕೇಳಿದರೂ ನಾನು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದೆ, ಕನ್ನಡದಲ್ಲಿ ಹೇಳು ಎಂದು ಮಾತ್ರ ಅನ್ನಲಿಲ್ಲ. ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಅವನು ಮರೆತು, "ಅಜ್ಜಾ, ಗಾಡಿ ಬಂದಳು!" ಎಂದು ಕೂಗಿದ. ನನ್ನ ಕಿವಿ ಜುಮ್ಮೆಂದಿತು. "ಗಾಡಿ ಬಂತಾ? ಕಲ್ಯಾಣಕ್ಕೆ ಹೋಗೋದೋ, ಕರ್ಜತ್ತಿಗೆ ಹೋಗೋದೋ?" ಎಂದು ಕೇಳಿದೆ. ಅವನು ಫಲಕ ಓದಿ ಹೇಳಿದ. ಅಷ್ಟೇ. ಸರಿಯಾದ ರೂಪ ಅವನ ಕಿವಿಗೆ ಬಿತ್ತು, ಅವನ ಮಾತು ನಿಲ್ಲಲಿಲ್ಲ. ಹೀಗೆ ತಿರುಗಿಸಿ ಹೇಳುವುದನ್ನು ದಿನಕ್ಕೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ತಾನಾಗಿ ಬಂತು ಅಂದ. ಕಿ ಇನ್ನೂ ಬಿಟ್ಟಿಲ್ಲ. ಅದಕ್ಕೆ ಆಟವೊಂದು ಹುಡುಕುತ್ತಿದ್ದೇನೆ.

ನೇರವಾಗಿ ತಿದ್ದುವ ಜಾಗಗಳು ಇವತ್ತಿಗೂ ಇವೆ. ಲಗ್ನಪತ್ರಿಕೆ, ಅಂಗಡಿಯ ಫಲಕ, ವೇದಿಕೆಯ ನಿರೂಪಣೆ. ಅಲ್ಲೂ ಕೇಳಿದವರಿಗೆ, ಒಬ್ಬರೇ ಇದ್ದಾಗ. ದುಃಖದಲ್ಲಿರುವವರನ್ನು, ಸಿಟ್ಟಿನಲ್ಲಿರುವವರನ್ನು ತಿದ್ದುವುದನ್ನು ಪೂರ್ತಿ ಬಿಟ್ಟಿದ್ದೇನೆ.

ಆ ನೆರೆಯವರ ಮನೆಗೆ ಹೋಗಲು ನನಗೆ ಒಂದೂವರೆ ವರ್ಷ ಬೇಕಾಯಿತು. ಚಹಾ ಕುಡಿದ ಮೇಲೆ, ಅವತ್ತು ನಿಮ್ಮ ಮಾತು ತಡೆದೆ, ತಪ್ಪಾಯಿತು ಅಂದೆ. ಅವರಿಗೆ ನೆನಪಿತ್ತು. "ಮುಂದೆ ಹೇಳೋದು ಬೇಡ ಅನ್ನಿಸ್ತು" ಅಂದರು. ಈಗ ಹೇಳುತ್ತೀರಾ ಎಂದು ಕೇಳಿದೆ. ಮೊದಲಿನಿಂದ ಹೇಳಿದರು. ಮತ್ತೆ "ಎರಡು ಡಾಕ್ಟರ್ ಬಂದ್ರು" ಅಂದರು. ಅವತ್ತು ರಾತ್ರಿ ಲಿಫ್ಟ್ ಕೆಟ್ಟಿತ್ತಂತೆ. ಇಬ್ಬರಲ್ಲಿ ಹಿರಿಯವರು ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ, ಕುರ್ಚಿ ಬೇಡವೆಂದು ನೆಲದ ಮೇಲೆ ಕೂತು, ಬೆಳಗಿನವರೆಗೂ ತಾಯಿಯ ಕೈ ಹಿಡಿದುಕೊಂಡಿದ್ದರಂತೆ.